ಒಂದು ತೂತಿನ ಪೇಟೆಂಟ್

ಕೋವಿ, ಪಿಸ್ತೂಲುಗಳ ಚರಿತ್ರೆಯ ಬಗ್ಗೆ ಈ ಅಂಕಣದಲ್ಲಿ ಬರೆದಾಗಲೆಲ್ಲ ಓದುಗರಿಂದ ತಪ್ಪದೆ ಬರುವ ಪ್ರಶ್ನೆ ಒಂದಿದೆ. ಕಾಡತೂಸು ಹಾಕುವ ರಿವಾಲ್ವರನ್ನು ಮೊದಲು ಮಾಡಿದವನು ಸ್ಯಾಮ್ಯುಯೆಲ್ ಕೋಲ್ಟ್ ತಾನೆ? ಅಲ್ಲ. ತಿರುಗುವ ಸಿಲಿಂಡರಿನ ಕೈಬಂದೂಕಿಗೆ 1836ರಲ್ಲಿ ಅಮೆರಿಕದ ಪೇಟೆಂಟ್ ಪಡೆದು, ಅದನ್ನು ಕಾರ್ಖಾನೆಯ ಸರಕಾಗಿ ಮಾಡಿ ಲೋಕಕ್ಕೆಲ್ಲ ಮಾರಿದವನು ಅವನೇ, ನಿಜ. ಆದರೆ ಅವನ ಬದುಕಿನುದ್ದಕ್ಕೂ ಅವನ ಕಂಪನಿ ಮಾರಿದ್ದು ಮದ್ದು ಸುರಿದು, ಗುಂಡು ಜಡಿದು, ಕೇಪು ಸಿಕ್ಕಿಸುವ ರಿವಾಲ್ವರುಗಳನ್ನೇ. ಕೋಲ್ಟ್ 1862ರ ಜನವರಿಯಲ್ಲಿ ತೀರಿಕೊಂಡ. ಅವನ ಹೆಸರಿನ ಜಗತ್ಪ್ರಸಿದ್ಧ ಕಾಡತೂಸಿನ ರಿವಾಲ್ವರ್ ಬಂದದ್ದು 1873ರಲ್ಲಿ. ಅಷ್ಟು ದೊಡ್ಡ ಕಾರ್ಖಾನೆ, ಅಷ್ಟು ನುರಿತ ಕೆಲಸಗಾರರು, ಮಧ್ಯೆ ನಾಲ್ಕು ವರ್ಷದ ಅಂತರ್ಯುದ್ಧ ಬೇರೆ. ಆದರೂ ಯಾಕೆ ಇಷ್ಟು ತಡ? ಉಕ್ಕಿನ ಕೊರತೆಯಿಂದಲ್ಲ, ಜಾಣತನದ ಕೊರತೆಯಿಂದಲೂ ಅಲ್ಲ. ಸಿಲಿಂಡರಿನಲ್ಲಿ ಈ ತುದಿಯಿಂದ ಆ ತುದಿಗೆ ತೂತು ಕೊರೆಯುವ ಹಕ್ಕು ಬೇರೊಬ್ಬನ ಕೈಯಲ್ಲಿತ್ತು.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ. ನಮ್ಮ ಚಿಕ್ಕಪ್ಪನ ಮನೆಯಲ್ಲಿ ಒಂದು ಕೇಪಿನ ಕೋವಿ ಇತ್ತು. ಗದ್ದೆಗೆ ಹಂದಿ ಬೀಳುವ ಕಾಲದಲ್ಲಿ ಸಂಜೆ ಅದನ್ನು ತುಂಬುವುದೇ ಒಂದು ಕೆಲಸ. ನಳಿಗೆಯ ಬಾಯಿಂದ ಅಳತೆಯ ಮದ್ದು ಸುರಿದು, ತೆಂಗಿನ ನಾರು ತುರುಕಿ, ಸರಳಿನಿಂದ ಜಡಿದು, ಚರೆ ಹಾಕಿ, ಅದು ಉದುರದಂತೆ ಮತ್ತೆ ನಾರು ತುರುಕಿ, ಎಲ್ಲಕ್ಕೂ ಕೊನೆಯಲ್ಲಿ ಹಿಂಬದಿಯ ಮೊಲೆಯಂಥ ತುದಿಗೆ, ಪೆಟ್ಟು ಬಿದ್ದರೆ ಕಿಡಿ ಹಾರಿಸುವ ಕೇಪು ಕೂರಿಸುತ್ತಿದ್ದರು. ಮಳೆಗಾಲದಲ್ಲಿ ಮದ್ದು ಶೀತ ಹಿಡಿದರೆ ಕೇಪು ಮಾತ್ರ ಚಟ್ಟೆಂದು ಸುಮ್ಮನಾಗುತ್ತಿತ್ತು. ಕೋಲ್ಟನ ರಿವಾಲ್ವರೆಂದರೆ ಇಂಥ ಆರು ಕೋವಿಗಳನ್ನು ಒಂದು ಉಕ್ಕಿನ ಉರುಳೆಯಲ್ಲಿ ಅಕ್ಕಪಕ್ಕ ಕೊರೆದಂತೆ. ಆರು ಗೂಡಿಗೂ ಮುಂದಿನಿಂದ ಮದ್ದು ಸುರಿಯಬೇಕು, ಆರಕ್ಕೂ ಸೀಸದ ಗುಂಡನ್ನು ನಳಿಗೆಯ ಕೆಳಗಿನ ಸನ್ನೆಯಿಂದ ಅದುಮಬೇಕು, ಹಿಂದೆ ಆರು ಕೇಪು ಸಿಕ್ಕಿಸಬೇಕು. ಒಂದು ಗೂಡಿನ ಕಿಡಿ ಪಕ್ಕದ ಗೂಡಿಗೆ ಹಾರಿ ಎಲ್ಲವೂ ಒಟ್ಟಿಗೇ ಸಿಡಿಯುವ ಅಪಾಯವೂ ಇತ್ತು. ಅದನ್ನು ತಡೆಯಲು ಗುಂಡಿನ ಮೇಲೆ ಕೊಬ್ಬು ಸವರುವುದೂ ವಾಡಿಕೆಯಾಗಿತ್ತು. ಆರು ಈಡು ಮುಗಿದ ಮೇಲೆ ಕುದುರೆಯ ಬೆನ್ನ ಮೇಲೆ ಕೂತು ಇಷ್ಟನ್ನೂ ಮತ್ತೆ ಮಾಡುವುದು ಆಗದ ಮಾತು. ಅದಕ್ಕೇ ಸವಾರರು ಒಂದರ ಬದಲು ಎರಡು, ಮೂರು ರಿವಾಲ್ವರ್ ಹೊತ್ತು ತಿರುಗುತ್ತಿದ್ದರು.

ಕಾಡತೂಸು ಈ ರಗಳೆಯನ್ನೆಲ್ಲ ಒಂದು ಸಣ್ಣ ಲೋಹದ ಕೊಳವೆಯೊಳಗೆ ಮುಗಿಸಿತು. ಮದ್ದು, ಗುಂಡು, ಕಿಡಿ ಹೊತ್ತಿಸುವ ರಾಸಾಯನಿಕ ಮೂರೂ ಒಂದೇ ಕಡೆ. ಶೀತದ ಭಯವಿಲ್ಲ, ಅಳತೆ ತಪ್ಪುವುದಿಲ್ಲ. ಆದರೆ ಆ ಕೊಳವೆ ಮಾಡುವ ನಿಜವಾದ ದೊಡ್ಡ ಕೆಲಸ ಬೇರೆಯೇ ಇದೆ. ಮದ್ದು ಸಿಡಿದ ಕ್ಷಣ ತೆಳ್ಳನೆಯ ತಾಮ್ರದ ಗೋಡೆ ಉಬ್ಬಿ ಗೂಡಿನ ಒಳಮೈಗೆ ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಹಿಂದಕ್ಕೆ ನುಗ್ಗುವ ಬಿಸಿ ಅನಿಲಕ್ಕೆ ದಾರಿಯೇ ಉಳಿಯುವುದಿಲ್ಲ. ಒತ್ತಡ ಇಳಿದೊಡನೆ ಗೋಡೆ ತುಸು ಸಡಿಲಾಗುವುದರಿಂದ ಖಾಲಿ ಕೊಳವೆಯನ್ನು ಹೊರಗೆ ತಳ್ಳಬಹುದು. ಕೇಪಿನ ರಿವಾಲ್ವರಿನಲ್ಲಿ ಗೂಡಿನ ಹಿಂಬದಿಗೆ ಗಟ್ಟಿ ಉಕ್ಕಿನ ಗೋಡೆ ಇರಲೇಬೇಕಿತ್ತು, ಇಲ್ಲದಿದ್ದರೆ ಬೆಂಕಿ ಹೊಡೆದವನ ಮುಖಕ್ಕೇ. ಕಾಡತೂಸು ಬಂದಮೇಲೆ ಆ ಗೋಡೆ ಬೇಡವಾಯಿತು. ಸಿಲಿಂಡರನ್ನು ಆಚೆಯಿಂದೀಚೆಗೆ ಕೊರೆದು ಹಿಂದಿನಿಂದ ತುಂಬಬಹುದು, ಹಿಂದಿನಿಂದಲೇ ಖಾಲಿ ಮಾಡಬಹುದು. ಈಗ ಯೋಚಿಸಿದರೆ ಇದಕ್ಕಿಂತ ಸಹಜವಾದದ್ದು ಇನ್ನೊಂದಿಲ್ಲ ಅನ್ನಿಸುತ್ತದೆ.

ಫ್ರಾನ್ಸಿನವರಿಗೆ ಇದು ಬೇಗ ಹೊಳೆಯಿತು. ಕ್ಯಾಸಿಮಿರ್ ಲೆಫೋಶೋ ಎಂಬ ಕೋವಿಗಾರ 1830ರ ದಶಕದಲ್ಲೇ ಪಕ್ಕದಿಂದ ಸಣ್ಣ ಪಿನ್ನೊಂದು ಹೊರಚಾಚುವ ಕಾಡತೂಸು ರೂಪಿಸಿದ್ದ. ಕುದುರೆ, ಎಂದರೆ ಬಂದೂಕಿನ ಸುತ್ತಿಗೆ, ಆ ಪಿನ್ನಿನ ಮೇಲೆ ಬಡಿದರೆ ಅದು ಒಳಗಿನ ಕೇಪನ್ನು ಚುಚ್ಚುತ್ತದೆ. ಅವನ ಮಗ ಯೂಜೀನ್ 1854ರಲ್ಲಿ ಅದಕ್ಕೆ ತಕ್ಕ ರಿವಾಲ್ವರ್ ಮಾಡಿದ. 1858ರಲ್ಲಿ ಫ್ರಾನ್ಸಿನ ನೌಕಾಪಡೆ ಅದನ್ನು ಒಪ್ಪಿಕೊಂಡಿತು. ಲೋಹದ ಕಾಡತೂಸಿನ ರಿವಾಲ್ವರನ್ನು ಒಂದು ದೇಶದ ಪಡೆ ಅಧಿಕೃತವಾಗಿ ತೆಗೆದುಕೊಂಡದ್ದು ಅದೇ ಮೊದಲು. ಪಿನ್ ಹೊರಚಾಚಿದ ಕಾಡತೂಸನ್ನು ಜೇಬಿನಲ್ಲಿಟ್ಟು ಓಡಾಡುವುದು ಕ್ಷೇಮವಲ್ಲ, ಪಿನ್ ಕೂರಲು ಗೂಡಿನ ಅಂಚಿನಲ್ಲಿ ಸೀಳು ಬೇರೆ ಬೇಕು. ಹಾಗಿದ್ದೂ ಅಗ್ಗದ ಲೆಫೋಶೋ ರಿವಾಲ್ವರುಗಳು ಯುರೋಪಿನ ತುಂಬ ಹರಡಿದವು. 1873ರಲ್ಲಿ ಬ್ರಸೆಲ್ಸ್‌ನಲ್ಲಿ ಕವಿ ಪಾಲ್ ವೆರ್ಲೇನ್ ತನ್ನ ಗೆಳೆಯ ಕವಿ ಆರ್ಥರ್ ರಿಂಬೋನ ಮಣಿಕಟ್ಟಿಗೆ ಗುಂಡು ಹೊಡೆದದ್ದು ಇಂಥದೇ 7 ಮಿಲಿಮೀಟರ್ ರಿವಾಲ್ವರಿನಿಂದ. 2016ರಲ್ಲಿ ಪ್ಯಾರಿಸ್ಸಿನಲ್ಲಿ ಅದು 4 ಲಕ್ಷ ಯೂರೋ ದಾಟಿ ಹರಾಜಾಯಿತು.

ಅಮೆರಿಕದ ಕಥೆ ಇನ್ನೊಂದು ಬಗೆಯದು, ನನ್ನ ಮನಸ್ಸು ಹೆಚ್ಚು ನಿಲ್ಲುವುದೂ ಅಲ್ಲೇ. ಹೊರೇಸ್ ಸ್ಮಿತ್ ಮತ್ತು ಡೇನಿಯಲ್ ವೆಸನ್ ಎಂಬಿಬ್ಬರು ಕೋವಿಗಾರರು ಕೋಲ್ಟನ ಪೇಟೆಂಟಿನ ಅವಧಿ 1857ಕ್ಕೆ ಮುಗಿಯುವುದನ್ನು ಕಾಯುತ್ತಿದ್ದರು. ಅದು ಮುಗಿದ ಕೂಡಲೇ ಮಾರುಕಟ್ಟೆಗೆ ಬಿಡಲೆಂದು ಕಾಡತೂಸಿನ ಪುಟ್ಟ ರಿವಾಲ್ವರೊಂದನ್ನು ಸಿದ್ಧಪಡಿಸುತ್ತಿದ್ದರು. ಬೇರೆ ಯಾರ ಹಕ್ಕನ್ನಾದರೂ ತುಳಿಯುತ್ತಿದ್ದೇವೆಯೇ ಎಂದು ಹಳೆಯ ಪೇಟೆಂಟುಗಳನ್ನು ಹುಡುಕಿಸಿದಾಗ ಸಿಕ್ಕಿದ್ದು ರಾಲಿನ್ ವೈಟ್ ಎಂಬುವನ ಹೆಸರು. ಕೋಲ್ಟನ ಕಾರ್ಖಾನೆಯಲ್ಲೇ ಕೆಲಸ ಮಾಡಿದ್ದ ವೈಟ್ 1855ರ ಏಪ್ರಿಲ್ 3ರಂದು ರಿವಾಲ್ವರೊಂದಕ್ಕೆ ಪೇಟೆಂಟ್ ಪಡೆದಿದ್ದ. ಚಿತ್ರದಲ್ಲಿದ್ದ ಆ ಬಂದೂಕು ಬಲು ತೊಡಕಿನದು, ಯಾರೂ ಅದನ್ನು ಸರಕಾಗಿ ಮಾಡಲಿಲ್ಲ. ಆದರೆ ಅದರ ಹಕ್ಕೊತ್ತಾಯಗಳ ನಡುವೆ ಒಂದು ಸಾಲಿತ್ತು: ಸಿಲಿಂಡರಿನ ಗೂಡುಗಳನ್ನು ಹಿಂದಿನ ತುದಿಯವರೆಗೂ ಕೊರೆದು ಹಿಂದಿನಿಂದ ತುಂಬುವುದು. ಮಿಕ್ಕದ್ದೆಲ್ಲ ಕಸವಾದರೂ ಆ ಒಂದು ಸಾಲು ಚಿನ್ನ. ವೆಸನ್ ಅವನಿಗೆ ಪತ್ರ ಬರೆದ. 1856ರ ನವೆಂಬರಿನಲ್ಲಿ ಒಪ್ಪಂದವಾಯಿತು. ಹಕ್ಕು ಪೂರ್ತಿಯಾಗಿ ಸ್ಮಿತ್ ಅಂಡ್ ವೆಸನ್‌ಗೆ, ಮಾಡಿದ ಪ್ರತಿ ರಿವಾಲ್ವರಿಗೆ 25 ಸೆಂಟ್ ವೈಟ್‌ಗೆ. ಜೊತೆಗೊಂದು ಷರತ್ತು. ಯಾರಾದರೂ ಈ ಪೇಟೆಂಟನ್ನು ಮೀರಿದರೆ ಕೋರ್ಟಿಗೆ ಹೋಗಿ ಹೋರಾಡುವುದು ವೈಟನ ಜವಾಬ್ದಾರಿ, ಖರ್ಚೂ ಅವನದೇ.

ಒಪ್ಪಂದದ ಈ ಷರತ್ತನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಲಾಭದ ದೊಡ್ಡ ಪಾಲು ಒಬ್ಬರಿಗೆ, ಜಗಳದ ಪೂರ್ತಿ ಪಾಲು ಇನ್ನೊಬ್ಬನಿಗೆ.

1857ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಿಂದ ಹೊರಬಂದ ಮೊದಲ ಮಾಡೆಲ್ ನೋಡಲು ಆಟಿಕೆಯಂತಿದೆ. ಏಳು ಗುಂಡು, .22 ಅಳತೆ. ಟ್ರಿಗರಿನ ಸುತ್ತ ರಕ್ಷೆಯ ಬಳೆಯೂ ಇಲ್ಲ. ಚೌಕಟ್ಟಿನ ಕೆಳಗಿನ ಚಿಲಕ ಒತ್ತಿದರೆ ನಳಿಗೆ ಮೇಲಕ್ಕೆ ಮಡಚಿಕೊಳ್ಳುತ್ತದೆ, ಕೀಲಿರುವುದು ಮೇಲ್ಭಾಗದಲ್ಲಿ. ಸಿಲಿಂಡರನ್ನು ಕೈಗೆ ತೆಗೆದುಕೊಂಡು, ನಳಿಗೆಯ ಅಡಿಯಲ್ಲಿರುವ ಕಡ್ಡಿಗೆ ಒಂದೊಂದೇ ಗೂಡನ್ನು ಒತ್ತಿ ಖಾಲಿ ಕೊಳವೆಗಳನ್ನು ಬೀಳಿಸಿ, ಹೊಸ ಏಳನ್ನು ಹಾಕಿ, ಸಿಲಿಂಡರ್ ಕೂರಿಸಿ, ನಳಿಗೆ ಮುಚ್ಚಬೇಕು. ಕಾಡತೂಸಿನಲ್ಲಿ ಕಿಡಿ ಹೊತ್ತುವುದು ಅಂಚಿನಲ್ಲಿ. ಕೊಳವೆಯ ತಳದ ಟೊಳ್ಳು ಅಂಚಿನೊಳಗೆ ಪಾದರಸದ ಫಲ್ಮಿನೇಟ್ ತುಂಬಿರುತ್ತದೆ, ಸುತ್ತಿಗೆ ಆ ಅಂಚನ್ನು ಜಜ್ಜಿದರೆ ಮದ್ದು ಹೊತ್ತುತ್ತದೆ. ಇದಕ್ಕೂ ಹಿಂದೆ ಫ್ರಾನ್ಸಿನ ಫ್ಲೋಬೇರ್ 1840ರ ದಶಕದಲ್ಲಿ ಒಳಾಂಗಣದ ಗುರಿ ಅಭ್ಯಾಸಕ್ಕೆಂದು ಮಾಡಿದ್ದ ಗುಂಡಿನ ಕೇಪು ಇದೆ. ವೆಸನ್ ಕೊಳವೆಯನ್ನು ಉದ್ದಮಾಡಿ ಒಳಗೆ ಕಪ್ಪು ಮದ್ದು ಸೇರಿಸಿದ.

ಅಷ್ಟು ಸಣ್ಣ ಗುಂಡೇ ಯಾಕೆ ಎನ್ನುವುದಕ್ಕೂ ಕಾರಣ ಆ ಅಂಚಿನಲ್ಲೇ ಇದೆ. ಸುತ್ತಿಗೆಯ ಪೆಟ್ಟಿಗೆ ಜಜ್ಜಿಹೋಗಬೇಕಾದರೆ ಅಂಚು ತೆಳ್ಳಗಿರಬೇಕು, ತೆಳ್ಳಗಿದ್ದರೆ ಹೆಚ್ಚು ಮದ್ದಿನ ಒತ್ತಡವನ್ನು ತಾಳಲಾರದು. ಆಗಿನ ತಾಮ್ರ ಎಷ್ಟು ಮೆದುವೆಂದರೆ ಗುಂಡು ಹಾರಿದಾಗ ಕೊಳವೆಯ ತಳ ಹಿಂದಕ್ಕೆ ಉಬ್ಬಿ ಸಿಲಿಂಡರ್ ತಿರುಗದಂತೆ ಸಿಕ್ಕಿಕೊಳ್ಳುತ್ತಿತ್ತು. ಅದಕ್ಕಾಗಿ ಮೊದಲ ತಯಾರಿಕೆಗಳಲ್ಲಿ ಸಿಲಿಂಡರಿನ ಹಿಂದೆ ಅದರ ಜೊತೆಗೇ ತಿರುಗುವ ಉಕ್ಕಿನ ತಟ್ಟೆಯೊಂದನ್ನು ಕೂರಿಸಿದ್ದರು. ಆ .22 ಶಾರ್ಟ್ ಕಾಡತೂಸು ಇವತ್ತಿಗೂ ತಯಾರಾಗುತ್ತಿದೆ.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ಮಳೆಯಲ್ಲಿ, ಕೆಸರಿನಲ್ಲಿ ಮಲಗುವ ಸೈನಿಕನಿಗೆ ತೇವ ತಾಗದ ಕಾಡತೂಸಿನ ಬೆಲೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎಷ್ಟೋ ಸೈನಿಕರು ಸ್ವಂತ ದುಡ್ಡು ಕೊಟ್ಟು ಸ್ಮಿತ್ ಅಂಡ್ ವೆಸನ್ ಕೊಂಡರು. ಸರ್ಕಾರ ಮಾತ್ರ ಕೋಲ್ಟ್ ಕಂಪನಿಯೊಂದರಿಂದಲೇ ಲಕ್ಷಕ್ಕೂ ಮಿಕ್ಕಿ ಕೇಪಿನ ರಿವಾಲ್ವರುಗಳನ್ನು ಖರೀದಿಸಿತು. ಯುದ್ಧಕ್ಕೆ ಸಾಲುವ ಗಾತ್ರದ ಕಾಡತೂಸಿನ ರಿವಾಲ್ವರನ್ನು ಸ್ಮಿತ್ ಅಂಡ್ ವೆಸನ್ ಮಾಡಲಿಲ್ಲ, ಮಾಡಬಲ್ಲ ಬೇರೆ ಅಮೆರಿಕನ್ ಕಾರ್ಖಾನೆಗಳಿಗೆ ಹಕ್ಕಿರಲಿಲ್ಲ. ಇಲ್ಲೊಂದು ಮಾತು ಸೇರಿಸಬೇಕು. ಈ ಯುದ್ಧದ ಹಿನ್ನೆಲೆಯ 'ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ' ಚಿತ್ರದಲ್ಲಿ ಕ್ಲಿಂಟ್ ಈಸ್ಟ್‌ವುಡ್ ಹಿಡಿದಿರುವುದು ಹಳೆಯ ಕೋಲ್ಟನ್ನು ಕಾಡತೂಸಿಗೆ ಮಾರ್ಪಡಿಸಿದ ರಿವಾಲ್ವರ್. ಅಂಥವು ಕೋಲ್ಟ್ ಕಾರ್ಖಾನೆಯಿಂದ ಬಂದದ್ದು 1870ರ ದಶಕದಲ್ಲಿ. ಚಿತ್ರ ನನಗೆ ತುಂಬ ಇಷ್ಟ. ಆದರೆ ಆ ಸೈನಿಕರ ಕಷ್ಟ ಏನಿತ್ತೆಂಬುದು ಮಾತ್ರ ಅದರಿಂದ ತಿಳಿಯುವುದಿಲ್ಲ.

ದಾರಿ ಮುಚ್ಚಿದಾಗ ಜನ ಸುಮ್ಮನಿರುತ್ತಾರೆಯೇ? ಕೆಲವರು ಪೇಟೆಂಟನ್ನು ನೇರವಾಗಿ ಮೀರಿ ಕೋರ್ಟಿನಲ್ಲಿ ಸೋತರು. ಅವರ ರಿವಾಲ್ವರುಗಳ ಮೇಲೆ ಸ್ಮಿತ್ ಅಂಡ್ ವೆಸನ್‌ಗಾಗಿ ತಯಾರಿಸಿದ್ದು ಎಂಬ ಮುದ್ರೆ ಬಿತ್ತು. ಇನ್ನು ಕೆಲವರು ಹಿಂಬದಿ ಪೂರ್ತಿ ತೆರೆಯದೆಯೇ ಕಾಡತೂಸು ಹಾಕುವ ಉಪಾಯ ಹುಡುಕಿದರು. ಮೂರ್ ಕಂಪನಿಯ ಕಾಡತೂಸಿಗೆ ಹಿಂದೆ ಮೊಲೆತೊಟ್ಟಿನಂಥ ತುದಿ. ಮುಂದಿನಿಂದ ತುಂಬಿದರೆ ಆ ತುದಿ ಮಾತ್ರ ಹಿಂಗೋಡೆಯ ಸಣ್ಣ ಕಿಂಡಿಯಲ್ಲಿ ಇಣುಕುತ್ತಿತ್ತು. ಪ್ಲಾಂಟ್ ಕಂಪನಿಯದು ಬಟ್ಟಲಿನಂತೆ ತಗ್ಗಾದ ತಳದ ಕಾಡತೂಸು. ಸ್ಲೋಕಮ್ ರಿವಾಲ್ವರಿನಲ್ಲಿ ಪ್ರತಿ ಗೂಡಿಗೂ ಪಕ್ಕದಲ್ಲಿ ಸರಿಯುವ ಬಾಗಿಲು. ಕೋಲ್ಟ್ ಕಂಪನಿಯ ಥ್ಯೂರ್ ಎಂಬಾತ 1868ರಲ್ಲಿ, ಪೇಟೆಂಟಿನ ಅವಧಿ ಮುಗಿಯಲು ವರ್ಷವೂ ಉಳಿದಿರದಾಗ, ಮುಂದಿನಿಂದ ಅದುಮುವ ಚೂಪು ತಳದ ಕಾಡತೂಸಿಗೆ ಪೇಟೆಂಟ್ ಪಡೆದ. ಇವುಗಳ ರೇಖಾಚಿತ್ರ ನೋಡಿದರೆ ಒಬ್ಬೊಬ್ಬರ ಬುದ್ಧಿಗೂ ತಲೆದೂಗಬೇಕು. ಜೊತೆಗೇ, ಇಷ್ಟು ಬುದ್ಧಿ ಒಂದು ತೂತನ್ನು ಕೊರೆಯದಿರುವುದಕ್ಕೆ ಖರ್ಚಾಯಿತಲ್ಲ ಎಂಬ ನೋವೂ ಆಗುತ್ತದೆ.

ವೈಟನ ಪಾಡು ಏನಾಯಿತು? ವರ್ಷಗಟ್ಟಲೆ ಕೋರ್ಟು ಅಲೆದ. ಅಲೆನ್ ಕಂಪನಿಯ ಮೇಲೆ ಹೂಡಿದ ಮೊಕದ್ದಮೆಯನ್ನು 1863ರಲ್ಲಿ ಕೆಳಗಿನ ಕೋರ್ಟಿನಲ್ಲಿ ಗೆದ್ದ. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಗಳು ನಾಲ್ವರು ಆ ಕಡೆ, ನಾಲ್ವರು ಈ ಕಡೆ ಆಗಿ ಕೆಳಗಿನ ತೀರ್ಪೇ ಉಳಿಯಿತು. 1869ಕ್ಕೆ ಪೇಟೆಂಟಿನ ಹದಿನಾಲ್ಕು ವರ್ಷ ಮುಗಿದಾಗ ಅವಧಿ ವಿಸ್ತರಿಸಲು ಕೇಳಿದ, ಸಿಗಲಿಲ್ಲ. ಅಮೆರಿಕದ ಸಂಸತ್ತು ಅವನ ಮೇಲೆ ಕನಿಕರಪಟ್ಟು ಮತ್ತೊಮ್ಮೆ ಅರ್ಜಿ ಹಾಕಲು ಅವಕಾಶ ಕೊಡುವ ಮಸೂದೆಯನ್ನು ಪಾಸು ಮಾಡಿತು. 1870ರ ಜನವರಿಯಲ್ಲಿ ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ಅದಕ್ಕೆ ಸಹಿ ಹಾಕದೆ ವಾಪಸು ಕಳಿಸಿದ. ಗ್ರಾಂಟ್ ಯಾರು? ಅದೇ ಯುದ್ಧವನ್ನು ಗೆದ್ದ ಸೇನಾಪತಿ. ಈ ಪೇಟೆಂಟಿನಿಂದ ಯುದ್ಧಕಾಲದಲ್ಲಿ ಸರ್ಕಾರಕ್ಕೆ ತೊಂದರೆಯಾಯಿತು, ವೈಟ್‌ಗೆ ಸಿಕ್ಕ ಪ್ರತಿಫಲ ಸಾಕಷ್ಟಾಯಿತು ಎಂದು ಸೇನೆಯ ಶಸ್ತ್ರ ವಿಭಾಗದ ಮುಖ್ಯಸ್ಥ ಡೈಯರ್ ಬರೆದ ಪತ್ರವೂ ಜೊತೆಗಿತ್ತು. ವೈಟ್‌ಗೆ ರಾಯಧನವಾಗಿ ಬಂದದ್ದು ಸುಮಾರು 71 ಸಾವಿರ ಡಾಲರ್. ಅದರಲ್ಲಿ ದೊಡ್ಡ ಪಾಲು ವಕೀಲರಿಗೇ ಹೋಯಿತು.

ಗ್ರಾಂಟ್ ಮಾಡಿದ್ದು ಸರಿ ಎಂದೇ ನನ್ನ ಅನಿಸಿಕೆ. ಹಾಗೆಂದು ವೈಟನನ್ನು ದುರಾಸೆಯವನೆಂದು ದೂರಲಾರೆ. ತಪ್ಪಿದ್ದದ್ದು ಹಕ್ಕು ಕೊಟ್ಟದ್ದರಲ್ಲಲ್ಲ. ಹಕ್ಕು ಹಿಡಿದವರು ಊರಿಗೆ ಬೇಕಾದಷ್ಟು ಸರಕು ಮಾಡದೆ, ಮಾಡುವವರಿಗೂ ಬಿಡದೆ ಕೂತಾಗ ಕೇಳುವವರಿರಲಿಲ್ಲ, ಅದು ತಪ್ಪು. ನಮ್ಮ 1970ರ ಪೇಟೆಂಟ್ ಕಾಯ್ದೆಯ 84ನೇ ಕಲಮಿನಲ್ಲಿ ಇದಕ್ಕೊಂದು ಪರಿಹಾರವಿದೆ. ಪೇಟೆಂಟ್ ಕೊಟ್ಟು ಮೂರು ವರ್ಷವಾದ ಮೇಲೂ ಜನರ ಅಗತ್ಯ ಪೂರೈಸದಿದ್ದರೆ ಬೇರೆಯವರಿಗೆ ಕಡ್ಡಾಯ ಪರವಾನಗಿ ಕೊಡಬಹುದು. 2012ರಲ್ಲಿ ಕ್ಯಾನ್ಸರ್ ಔಷಧವೊಂದಕ್ಕೆ ಮೊದಲ ಬಾರಿಗೆ ಹಾಗೆ ಕೊಟ್ಟರು. ರಿವಾಲ್ವರಿಗಿಂತ ಔಷಧಕ್ಕೆ ಆ ಕಲಮು ಬಳಕೆಯಾದದ್ದು ನನಗೆ ನೆಮ್ಮದಿ ತಂದ ವಿಷಯ.

ಅವಧಿ ಮುಗಿದದ್ದೇ ತಡ, ಕಟ್ಟೆ ಒಡೆಯಿತು. ಸ್ಮಿತ್ ಅಂಡ್ ವೆಸನ್ 1870ರಲ್ಲಿ ಮೂರನೇ ಮಾಡೆಲನ್ನು ತಂದಿತು. ಅದು .44 ಅಳತೆಯ ದೊಡ್ಡ ರಿವಾಲ್ವರ್. ಈಗ ಕೀಲು ಕೆಳಭಾಗಕ್ಕೆ ಬಂದಿತ್ತು. ಮೇಲಿನ ಚಿಲಕ ತೆರೆದು ನಳಿಗೆಯನ್ನು ಕೆಳಕ್ಕೆ ಬಾಗಿಸಿದರೆ ಸಿಲಿಂಡರಿನ ನಡುವಿನಿಂದ ನಕ್ಷತ್ರದಾಕಾರದ ತಟ್ಟೆ ಎದ್ದು ಆರೂ ಖಾಲಿ ಕೊಳವೆಗಳನ್ನು ಒಟ್ಟಿಗೇ ಎಸೆಯುತ್ತಿತ್ತು. ಅಮೆರಿಕದ ಸೇನೆ ಸಾವಿರ ಕೊಂಡಿತು. ರಷ್ಯಾ ಮೊದಲ ಗುತ್ತಿಗೆಯಲ್ಲೇ 20 ಸಾವಿರ ಕೇಳಿತು. ರಷ್ಯನ್ನರು ಬರಿಯ ಗಿರಾಕಿಗಳಾಗಿರಲಿಲ್ಲ. ಆಗಿನ ಗುಂಡುಗಳ ಮೈ ಕೊಳವೆಯ ಹೊರಮೈಯಷ್ಟೇ ದಪ್ಪ, ಹಿಮ್ಮಡಿ ಮಾತ್ರ ಕಿರಿದಾಗಿ ಒಳಗೆ ಕೂರುತ್ತಿತ್ತು. ಹಚ್ಚಿದ ಜಿಡ್ಡು ಹೊರಗೇ ಇದ್ದು ಜೇಬಿನ ದೂಳನ್ನೆಲ್ಲ ಹಿಡಿಯುತ್ತಿತ್ತು. ಗುಂಡನ್ನು ಕೊಳವೆಯೊಳಗೇ ಕೂರುವ ಗಾತ್ರಕ್ಕೆ ಇಳಿಸಿ ಜಿಡ್ಡನ್ನು ಒಳಗೆ ಮುಚ್ಚಿ ಎಂದರು ರಷ್ಯನ್ನರು. ಆ ತಿದ್ದುಪಡಿಯೇ ಮುಂದೆ ಲೋಕದ ಪದ್ಧತಿಯಾಯಿತು. ಅಷ್ಟರಲ್ಲಿ ಕಿಡಿಯೂ ಅಂಚಿನಿಂದ ತಳದ ನಡುವಿಗೆ ಬಂದಿತ್ತು. ಅಮೆರಿಕದ ಬರ್ಡಾನ್, ಇಂಗ್ಲೆಂಡಿನ ಬಾಕ್ಸರ್ ಇಬ್ಬರೂ 1866ರ ಸುಮಾರಿಗೆ ಮಾಡಿದ ಈ ಬದಲಾವಣೆಯಿಂದ ತಳವನ್ನು ಬೇಕಾದಷ್ಟು ದಪ್ಪ ಮಾಡಬಹುದಾಯಿತು, ಮದ್ದನ್ನೂ ಹೆಚ್ಚಿಸಬಹುದಾಯಿತು.

ಕೋಲ್ಟ್ ಕಂಪನಿಯ ವಿಲಿಯಂ ಮೇಸನ್ ಹಿಡಿದ ದಾರಿ ಇದಕ್ಕೆ ತದ್ವಿರುದ್ಧ. 1873ರ ಸಿಂಗಲ್ ಆಕ್ಷನ್ ಆರ್ಮಿಯಲ್ಲಿ ಕೀಲೇ ಇಲ್ಲ. ಸಿಲಿಂಡರಿನ ಮೇಲೆ ಉಕ್ಕಿನ ಪಟ್ಟಿ ಹಾದುಹೋಗುವ ಗಟ್ಟಿ ಚೌಕಟ್ಟು. ಬಲಬದಿಯ ಸಣ್ಣ ಬಾಗಿಲು ತೆರೆದು ಒಂದೊಂದೇ ಕಾಡತೂಸು ಹಾಕಬೇಕು, ಕಡ್ಡಿಯಿಂದ ಒಂದೊಂದನ್ನೇ ನೂಕಬೇಕು. ನಿಧಾನ, ಆದರೆ ಕೆಡುವ ಭಾಗ ಕಡಿಮೆ. ಸುತ್ತಿಗೆಯ ಮೂಗು ಕಾಡತೂಸಿನ ಮೇಲೇ ಒರಗುವುದರಿಂದ ಬಲ್ಲವರು ಆರು ಗೂಡಿಗೆ ಐದೇ ತುಂಬಿ, ಸುತ್ತಿಗೆಯನ್ನು ಖಾಲಿ ಗೂಡಿನ ಮೇಲೆ ಇಳಿಸಿ ಓಡಾಡುತ್ತಿದ್ದರು. ಸೇನೆ 8 ಸಾವಿರ ತರಿಸಿತು. ಬೇಗ ಖಾಲಿಯಾಗುವ ಸ್ಮಿತ್ ಅಂಡ್ ವೆಸನನ್ನು ಮೇಜರ್ ಸ್ಕೋಫೀಲ್ಡ್ ಸವಾರರ ಕೈಗೆ ಒಗ್ಗುವಂತೆ ತಿದ್ದಿಸಿದ, ಅದನ್ನೂ 1875ರಿಂದ ಕೊಂಡರು. ಆದರೆ ಅದರ .45 ಕಾಡತೂಸು ಗಿಡ್ಡ. ಅದು ಕೋಲ್ಟಿಗೆ ಹೋಗುತ್ತಿತ್ತು, ಕೋಲ್ಟಿನದು ಇದಕ್ಕೆ ಹೋಗುತ್ತಿರಲಿಲ್ಲ. ದೂರದ ಠಾಣ್ಯಗಳಿಗೆ ತಪ್ಪು ಪೆಟ್ಟಿಗೆ ಬಂದರೆ ಗತಿ ಏನು? ಸೇನೆಯಲ್ಲಿ ಕೊನೆಗೆ ಉಳಿದದ್ದು ಕೋಲ್ಟೇ.

ಕೀಲಿನ ರಿವಾಲ್ವರ್ ಮಾತ್ರ ಸಾಯಲಿಲ್ಲ. ಇಂಗ್ಲೆಂಡಿನ ವೆಬ್ಲಿ ಕಂಪನಿ ಅದನ್ನು ಗಟ್ಟಿಮಾಡಿತು. 1887ರಲ್ಲಿ ಬ್ರಿಟಿಷ್ ಸೇನೆ ವೆಬ್ಲಿಯನ್ನು ಒಪ್ಪಿಕೊಂಡಿತು, ಸಾಮ್ರಾಜ್ಯದ ಬೆನ್ನಿಗೇ ಅದು ಭಾರತಕ್ಕೂ ಬಂತು. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಆ ವೆಬ್ಲಿಯ ವಂಶದ್ದೇ. 2014ರಲ್ಲಿ ಹೆಂಗಸರಿಗೆಂದು ಬಿಟ್ಟ ಹಗುರ 'ನಿರ್ಭೀಕ್' ಕೂಡ ಕಾನ್ಪುರದ್ದು. ಚುನಾವಣೆ ಘೋಷಣೆಯಾದೊಡನೆ ಪರವಾನಗಿಯ ಆಯುಧಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕಲ್ಲ, ಅಂಥ ಒಂದು ದಿನ ಕೊಪ್ಪದ ಕಡೆಯ ಹಿರಿಯ ಪ್ಲಾಂಟರೊಬ್ಬರ ಮನೆಯಲ್ಲಿ ಕಾನ್ಪುರದ ರಿವಾಲ್ವರೊಂದನ್ನು ಕೈಯಲ್ಲಿ ಹಿಡಿದು ನೋಡಿದೆ. ಅವರು ಗುಂಡುಗಳನ್ನು ತೆಗೆದು ಎಣಿಸಿ, "ನೋಡೋದಿದ್ರೆ ಈಗ್ಲೇ ನೋಡ್ಬಿಡಿ ಮಾರಾಯ್ರೆ, ಮಧ್ಯಾಹ್ನ ಸ್ಟೇಷನ್ನಿಗೆ ಕೊಟ್ಬರ್ಬೇಕು" ಎಂದು ಮೇಜಿನ ಮೇಲಿಟ್ಟರು. ಹೆಬ್ಬೆರಳಿನಿಂದ ಚಿಲಕ ಒತ್ತಿ ನಳಿಗೆ ಬಾಗಿಸಿದೆ. ನಡುವಿನಿಂದ ನಕ್ಷತ್ರದ ತಟ್ಟೆ ಎದ್ದಿತು, ಪೂರ್ತಿ ಬಾಗಿಸಿದಾಗ ಟಕ್ಕೆಂದು ಒಳಕ್ಕಿಳಿಯಿತು. 1870ರ ರಿವಾಲ್ವರಿನ ಬಗ್ಗೆ ಓದಿದ್ದ ಕೆಲಸವನ್ನೇ ಅದು ನನ್ನೆದುರು ಮಾಡುತ್ತಿತ್ತು.

ಬೇರೆ ಕಡೆ ಕೀಲು ಮಾಯವಾದದ್ದಕ್ಕೆ ಕಾರಣ ಮದ್ದಿನ ಬಲ. 1889ರಲ್ಲಿ ಕೋಲ್ಟ್ ಗಟ್ಟಿ ಚೌಕಟ್ಟಿನಿಂದ ಸಿಲಿಂಡರ್ ಮಾತ್ರ ಪಕ್ಕಕ್ಕೆ ಹೊರಳುವ ರಿವಾಲ್ವರ್ ತಂದಿತು, 1896ರಲ್ಲಿ ಸ್ಮಿತ್ ಅಂಡ್ ವೆಸನ್ ಕೂಡ ಅದೇ ದಾರಿಗೆ ಬಂತು. ಚೌಕಟ್ಟಿನ ಗಟ್ಟಿತನವೂ ಉಳಿಯಿತು, ಆರು ಕೊಳವೆಗಳು ಒಮ್ಮೆಗೇ ಬೀಳುವ ಅನುಕೂಲವೂ ಸಿಕ್ಕಿತು. ಜೋರಾದ ಕಾಡತೂಸುಗಳಿಗೆ ಕೀಲು ಮತ್ತು ಚಿಲಕ ಬಹುಕಾಲ ತಡೆಯುವುದಿಲ್ಲ. ಕಾನ್ಪುರದ ರಿವಾಲ್ವರಿಗೆ ಆ ತೊಂದರೆಯಿಲ್ಲ, ಯಾಕೆಂದರೆ ಅದರ .32 ಲಾಂಗ್ ಮೆದು ಕಾಡತೂಸು. 1896ರ ಆ ಸ್ಮಿತ್ ಅಂಡ್ ವೆಸನ್ ರಿವಾಲ್ವರಿಗೆಂದೇ ಅದನ್ನು ರೂಪಿಸಿದ್ದು.